ದೊಡ್ಡಪ್ಪನ ಹೆಸರಿನ ಕಂಪ್ಯೂಟರು

ಯಂತ್ರಗಳಿಗೆ ನಂಬರು ಹಾಕುವುದು ನನಗೆ ಆಗದ ಕೆಲಸ. ಸ್ವಭಾವ ನೋಡಿ ನೆಂಟರ ಹೆಸರಿಡುತ್ತೇನೆ. ಮನೆಯ ಕಂಪ್ಯೂಟರು ಸೋದರತ್ತೆ: ಏನೇ ಅಳಿಸಹೋದರೂ ‘ಖಂಡಿತಾ ಬೇಡವಾ?’ ಎಂದು ಕೇಳಿಯೇ ಕೇಳುತ್ತದೆ. ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಎರಡಿವೆ. ಹೊಸದು, ಚುರುಕಿನದು, ಚಿಕ್ಕಪ್ಪ. ಹಳೆಯದು ದೊಡ್ಡಪ್ಪ, ಗುಂಡಿ ಒತ್ತಿದರೆ ಗೊರಗೊರ ಕೆಮ್ಮಿ, ನನ್ನ ಕಾಫಿ ಮುಗಿಯುವ ಹೊತ್ತಿಗೆ ಏಳುತ್ತದೆ. ಹೆಸರಿನ ಚೀಟಿಗಳನ್ನು ಪರದೆಯ ನೆತ್ತಿಗೇ ಅಂಟಿಸಿದ್ದೆ. ಬುದ್ಧಿವಂತಳು ನೋಡಿ.

ನನ್ನನ್ನು ಸಾಕಿ ಬೆಳೆಸಿದ ದೊಡ್ಡಪ್ಪ ಟೈಲರು. ಅಂಗಡಿಯ ಕಾರ್ಡು ಮಾಡಿಸಲು ಒಂದು ದಿನ ಹೇಳದೆ ಕೇಳದೆ ಪ್ರೆಸ್ಸಿಗೇ ಬಂದರು. ಕನ್ನಡಕ ಏರಿಸಿ ಚೀಟಿ ಓದಿದರು.

“ಇದಕ್ಯಾಕೆ ದೊಡ್ಡಪ್ಪ ಅಂತ ಹೆಸರು?” ಎಂದರು.

ಪಕ್ಕದಲ್ಲಿ ಪುಸ್ತಕಕ್ಕೆ ಗೋಂದು ಹಚ್ಚುತ್ತಿದ್ದ ಬೈಂಡರಿಗೆ ಇವರು ಯಾರೆಂದು ಗೊತ್ತಿಲ್ಲ. “ಏಳೋಕೆ ಮುಂಚೆ ಕೆಮ್ಮುತ್ತೆ ಸರ್. ಇವರ ದೊಡ್ಡಪ್ಪಾನೂ ಹಾಗೇ ಅಂತೆ!” ಎಂದು ಹಲ್ಲು ಕಿರಿದ.

ಅವನ ಬಾಯಿಗೆ ಅವನದೇ ಗೋಂದು ಹಚ್ಚಬೇಕಿತ್ತು.

“ಆ ಹೊಸದು?”

“ಚಿಕ್ಕಪ್ಪ,” ಅಂದೆ, ನೆಲ ನೋಡುತ್ತಾ.

ಕೆಮ್ಮನ್ನಾದರೂ ನುಂಗಿಕೊಳ್ಳುತ್ತಿದ್ದರೇನೋ, ತಮಗಿಂತ ತಮ್ಮನೇ ಚುರುಕು ಎನಿಸಿಕೊಂಡದ್ದನ್ನು ನುಂಗಲಾಗಲಿಲ್ಲ. “ಹಾಗಾದ್ರೆ ನನ್ನ ಕಾರ್ಡು ಅವನ ಕೈಲೇ ಮಾಡಿಸು,” ಎಂದು ಎದ್ದು ನಡೆದರು. ಆಮೇಲೆ ಯಾವಾಗ ಫೋನ್ ಮಾಡಿದರೂ ದೊಡ್ಡಮ್ಮನೇ ಎತ್ತುವುದು. “ಅವರು ಕೆಮ್ತಾ ಇದ್ದಾರಂತೆ. ಎದ್ದ ಮೇಲೆ ಮಾತಾಡ್ತಾರಂತೆ.” ನಗು ಬಂತು, ಹಿಂದೆಯೇ ಅಳುವೂ ಬಂತು. ಅವರು ಮಾತು ಬಿಟ್ಟರೆ ನನಗೆ ಇನ್ನು ಯಾರಿದ್ದಾರೆ?

ಹಟ ಹಿಡಿದು ಕಾರ್ಡನ್ನು ಹಳೆಯದರಲ್ಲೇ ಮಾಡಿದೆ. ಕೆಮ್ಮಿತು, ನರಳಿತು, ಕೊನೆಗೆ ಚೊಕ್ಕವಾಗಿ ಮಾಡಿಕೊಟ್ಟಿತು. ಕಟ್ಟು ಹಿಡಿದು ಅವರ ಅಂಗಡಿಗೆ ಹೋದೆ.

ಹೊಲಿಗೆ ಮೆಷಿನ್ ಪಕ್ಕ ಒಂದು ಹಳೇ ಕಂಪ್ಯೂಟರು ಕೂತಿತ್ತು. ಗಿರಾಕಿಗಳ ಅಳತೆ ಇಡಲು ಯಾರಿಂದಲೋ ತಂದದ್ದಂತೆ. ಅದರ ಮೌಸಿನ ಮೇಲೊಂದು ಚೀಟಿ: ಚಿಕ್ಕಪ್ಪ.

“ಬರೀ ಓಡಾಟ, ಕೆಲಸ ಕಮ್ಮಿ,” ಅಂದರು ದೊಡ್ಡಪ್ಪ, ಸೂಜಿಯಿಂದ ಕಣ್ಣು ಕೀಳದೆ. ಇಷ್ಟು ದಿನಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು ಅದು.

ಪರದೆಯ ನೆತ್ತಿಯ ಮೇಲೆ ನನ್ನನ್ನು ಮನೆಯಲ್ಲಿ ಕರೆಯುವ ಹೆಸರಿತ್ತು: ತರಲೆ.

“ನಾನ್ಯಾಕೆ ದೊಡ್ಡಪ್ಪಾ?”

“ಹೇಳಿದ ಮಾತು ಕೇಳಲ್ಲ. ಸುಮ್‌ಸುಮ್ನೆ ಬಿಸಿಯಾಗುತ್ತೆ. ಎಲ್ಲರೂ ಬೇರೇದು ತಗೊಳ್ಳಿ ಅಂತಾರೆ, ನಂಗೆ ಮನಸ್ಸು ಬರಲ್ಲ.” ಸೂಜಿ ಕೆಳಗಿಟ್ಟು ಎದ್ದರು. “ತಲೆ ಮೇಲೊಂದು ತಟ್ಟಿದ್ರೆ ಸರಿಹೋಗುತ್ತೆ.”

ತಟ್ಟಿದ್ದು ಮಾತ್ರ ನನ್ನ ತಲೆಗೆ.