ಅತ್ತೆ ಆರಿಸಿದ ಡಿಸ್ಕು

ನಮ್ಮ ಯಜಮಾನರಿಗೆ ಬುದ್ಧಿ ಇಲ್ಲವೆಂದು ನಾನು ಯಾವತ್ತೂ ಹೇಳಿಲ್ಲ. ಬೇಕಾದ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ, ಅಷ್ಟೇ. ಯುನಿಕ್ಸ್ ಜಾತಿಯ ಕಂಪ್ಯೂಟರಿಗೆ ಅವರು ಡ್ರೈವರ್ ಎನ್ನುವ ಒಂದು ಪ್ರೋಗ್ರಾಂ ಬರೆದಿದ್ದರು. ಮೆಮರಿಯಲ್ಲೇ ಒಂದಿಷ್ಟು ಜಾಗ ಹಿಡಿದು, ಇದೂ ಒಂದು ಡಿಸ್ಕು ಎಂದು ಕಂಪ್ಯೂಟರನ್ನು ನಂಬಿಸುವುದು ಅದರ ಕೆಲಸ. ಇಲ್ಲದ ಡಿಸ್ಕು, ಆದರೆ ಓಟ ಮಾತ್ರ ಕುದುರೆಯದು. ಒಂದೇ ಕೊರತೆ, ಕರೆಂಟು ಹೋದರೆ ಅದರಲ್ಲಿದ್ದದ್ದೆಲ್ಲ ಗೋವಿಂದ.

ಸೋಮವಾರ ಕಂಪನಿಯ ಮುಖ್ಯ ಇಂಜಿನಿಯರ್ ಅದನ್ನು ನೋಡುವವರಿದ್ದರು. ಒಪ್ಪಿದರೆ ಇವರ ಕೆಲಸ ಖಾಯಂ, ಇಲ್ಲದಿದ್ದರೆ ಮನೆಯ ದಾರಿ. ಅಂಥ ಹೊತ್ತಿನಲ್ಲಿ, ಶನಿವಾರ ಬೆಳಿಗ್ಗೆ, ಈ ಮಹಾಶಯರು ಡ್ರೈವರ್‌ನ ಕೋಡನ್ನೇ ಆ ಇಲ್ಲದ ಡಿಸ್ಕಿಗೆ ಎತ್ತಿಟ್ಟರು. ನಕಲು ಮಾಡಿ ಇಟ್ಟದ್ದಲ್ಲ, ಬೇರೆಲ್ಲ ಕಡೆಯಿಂದ ಅಳಿಸಿ ಇಟ್ಟದ್ದು. ಹುಟ್ಟಿಸಿದವನೇ ನಂಬದಿದ್ದರೆ ಊರು ನಂಬುತ್ತದೆಯೇ ಎಂದು ನನಗೇ ಪಾಠ. ಒಂದು ಪ್ರತಿ ತೆಗೆದಿಡಿ ಅಂದೆ. ಸ್ನಾನ ಮಾಡಿ ಬಂದು ತೆಗೆಯುತ್ತೇನೆ ಎಂದು ಟವೆಲ್ ಹಿಡಿದು ಹೋದರು.

ನಮ್ಮ ಅತ್ತೆಗೆ ಖಾಲಿ ಕೋಣೆಯಲ್ಲಿ ಏನಾದರೂ ಗುಂಯ್‌ಗುಟ್ಟುತ್ತಿದ್ದರೆ ಮೈ ಉರಿಯುತ್ತದೆ. ಫ್ಯಾನು, ದೀಪ, ಕೊನೆಗೆ ಕಂಪ್ಯೂಟರ್ ಮೇಜಿನ ಕೆಳಗಿನ ಸ್ವಿಚ್ಚು, ಎಲ್ಲ ಆರಿಸಿ ಸೊಪ್ಪು ಬಿಡಿಸಲು ಕೂತರು.

ಇವರು ಬಂದು ಕಪ್ಪು ಪರದೆ ನೋಡಿದರು. ಟವೆಲಿನಲ್ಲೇ ನೆಲಕ್ಕೆ ಕುಸಿದು ಕೂತರು. ಸಿಟ್ಟು ನೆತ್ತಿಗೇರಿ ಬೈಯಲು ಬಾಯಿ ತೆರೆದವಳು ಆ ಮುಖ ನೋಡಿ ಬೈಗುಳವನ್ನು ಆಮೇಲಕ್ಕೆ ತಡೆದಿಟ್ಟೆ. ಅತ್ತೆ ಸೊಪ್ಪಿನ ಕಡ್ಡಿ ಹಿಡಿದೇ ಬಾಗಿಲಿಗೆ ಬಂದು ಏನಾಯಿತೆಂದು ಕೇಳಿದರು.

"ಎಲ್ಲಾ ಹೋಯ್ತಮ್ಮ," ಅಂದರು ಇವರು.

"ಬರ್ದಿದ್ದು ತಾನೇ ಹೋಗಿದ್ದು? ಬರ್ದೋನು ಇಲ್ಲೇ ಕೂತಿದ್ದೀಯಲ್ಲೋ. ಮೊದ್ಲು ಬಟ್ಟೆ ಹಾಕ್ಕೋ."

ಬಟ್ಟೆ ಹಾಕಿಕೊಂಡರು, ಬರೆಯಲು ಕೂತರು. ಭಾನುವಾರ ಸಂಜೆಯವರೆಗೂ ಊಟವನ್ನು ಮೇಜಿಗೇ ಕೊಟ್ಟೆ, ತಡೆದಿಟ್ಟಿದ್ದ ಬೈಗುಳವನ್ನೂ ಜೊತೆಗೇ ಬಡಿಸಿದೆ. ಮೊದಲ ಸಲದ ಸುತ್ತುಬಳಸನ್ನೆಲ್ಲ ಮತ್ತೆ ಬರೆಯಲು ಇವರಿಗೆ ಸಮಯವೂ ಇರಲಿಲ್ಲ, ನೆನಪೂ ಇರಲಿಲ್ಲ. ಕೋಡು ಅರ್ಧಕ್ಕಿಳಿಯಿತು.

ಸೋಮವಾರ ಮುಖ್ಯ ಇಂಜಿನಿಯರ್ ಓದಿ, ಓಡಿಸಿ ನೋಡಿ, ಇಷ್ಟು ಚಿಕ್ಕದಾಗಿ ಹೇಗೆ ಬರೆದಿರಿ ಎಂದು ಕೇಳಿದರಂತೆ. ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಮೊದಲು ಉದ್ದವೇ ಇತ್ತು, ನಮ್ಮಮ್ಮ ಆರಿಸಿಬಿಟ್ಟರು ಅಂದರಂತೆ.

ಇಂಜಿನಿಯರ್ ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕಿ, ಆಫೀಸನ್ನೊಮ್ಮೆ ಸುತ್ತಲೂ ನೋಡಿದರಂತೆ.

"ನಿಮ್ಮ ತಾಯಿನ ಒಂದು ವಾರ ಇಲ್ಲಿಗೆ ಕಳಿಸ್ತೀರಾ? ಆರ್ಸೋದು ಬಹಳ ಇದೆ."