ಖಂಡೋಬಾನ ಹೆಸರಿನ ಕೂದಲು

ಏಳು ಕೆರೆಗಳಾಚೆಯ ಪಟ್ಟಣದಲ್ಲಿ ಒಬ್ಬ ರಾಜಕುಮಾರನಿದ್ದನಂತೆ, ಮಲಗಿದ್ದಾಗ ಯಾರೋ ಅವನ ನೆತ್ತಿಗೆ ಸೂಜಿ ಚುಚ್ಚಿದ್ದರಂತೆ, ಸೂಜಿ ಕಿತ್ತವಳ ಮುಖವನ್ನೇ ಅವನು ಕಣ್ಣು ಬಿಟ್ಟು ಮೊದಲು ನೋಡಿದನಂತೆ — ಬೋರಮ್ಮಜ್ಜಿ ಇದನ್ನು ಹೇಳುತ್ತಿದ್ದದ್ದು ರಂಜಿನಿಯ ತಲೆಗೆ ಎಣ್ಣೆ ತಿಕ್ಕುತ್ತ, ಈಗ ಅದೇ ಕೊಬ್ಬರಿ ಎಣ್ಣೆಯ ವಾಸನೆ, ಟ್ರಿಮ್ಮರಿನ ಗುಂಯ್ ಸದ್ದಿನ ನಡುವೆ, ಪುಣೆಯ ಈ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ, ಬಾಳು ಎಂಬ ಈ ಗಂಡಸಿನ ಬಲಗಿವಿಯ ಮೇಲೆ ಗುಂಡು ಹೊಕ್ಕ ತೂತಿನ ಸುತ್ತ ಉದುರುತ್ತಿರುವ ಕೂದಲಿನಿಂದ. ಗಂಟಲಿಗೆ ನಳಿಕೆ ಇಳಿಸಿಯಾಯಿತು, ಮೆದುಳಿನ ಊತಕ್ಕೆ, ಫಿಟ್ಸ್ ಬಾರದಿರಲಿ ಎಂದು, ನಂಜಾಗದಿರಲಿ ಎಂದು ಔಷಧಿ ಹೋಯಿತು, ಸ್ಕ್ಯಾನಿನಲ್ಲಿ ಗುಂಡು ಆಳದಲ್ಲಿ ಬೆಳ್ಳಗೆ ಕೂತಿತ್ತು. ಪಿಸ್ತೂಲು ಒರೆಸುವಾಗ ಅಣ್ಣನ ಕೈಯಲ್ಲೇ ಹಾರಿಬಿಟ್ಟಿತು ಎಂದು ತಮ್ಮ ವಿಕಾಸ ಕೇಳದವರಿಗೂ ಮರಾಠಿಯಲ್ಲಿ ಹೇಳುತ್ತಿದ್ದ, ಕೇಳದವರಿಗೆ ಯಾಕೆ ಹೇಳಬೇಕು? ಇಂದಾಪುರದಿಂದ ಆಂಬುಲೆನ್ಸಿನಲ್ಲಿ ಗಂಡನ ಕಾಲ ಬಳಿ ಕೂತು ಬಂದ ಗೋದಾ ಅಕ್ಕಲಕೋಟದ ಕಡೆಯವಳು, ರಂಜಿನಿ ಧಾರವಾಡದವಳೆಂದು ತಿಳಿದದ್ದೇ ಕೈ ಹಿಡಿದುಕೊಂಡಳು, ಡಾಕ್ಟರಕ್ಕಾ, ಇವರು ಪಿಸ್ತೂಲು ಮುಟ್ಟಿದವರs ಅಲ್ರಿ, ಇಲಿ ಬೋನು ಎತ್ತಾಕೂ ನನ್ನ ಕರೀತಾರ, ತಲಿಯಿಂದ ಏನ್ ಹೊರಗ ಬಂದ್ರೂ ನೀವs ಪೊಲೀಸರ ಕೈಯಾಗ ಕೊಡ್ರಿ, ಮೈದುನನ ಕೈಗೆ ಬ್ಯಾಡ. ಕೊಡ್ತೇನಿ, ಮಾತು ಕೊಟ್ಟೆ ಅಂದುಬಿಟ್ಟಳು ರಂಜಿನಿ, ಕಿರಿಯ ಡಾಕ್ಟರು ಮಾತು ಕೊಡಬಹುದೇ ಎಂದು ಯೋಚಿಸಲೇ ಇಲ್ಲ.

ಆದರೆ ಲಿಫ್ಟಿನ ಬಳಿ ಕಂಡದ್ದು ಏನು — ಆಪರೇಷನ್ ಮಾಡಬೇಕಾದ ದೊಡ್ಡ ಸರ್ಜನ್ ಶ್ರೀನಾಥ್ ಸರ್ ಕೈಯನ್ನು ವಿಕಾಸ ಎರಡೂ ಕೈಯಲ್ಲಿ ಹಿಡಿದಿದ್ದ, ಸರ್ ಇವಳನ್ನು ಕಂಡದ್ದೇ ಕೈ ಬಿಡಿಸಿಕೊಂಡರು, ಯಾಕೆ? ಈಗ ಅದೇ ಕೈ ಎಷ್ಟು ನಿಧಾನ, ಎಷ್ಟು ನಯ, ಒಳಗೆ ಹೊಕ್ಕ ಮೂಳೆಚೂರು ಒಂದೊಂದಾಗಿ ಎತ್ತುತ್ತಿದೆ, ಸತ್ತ ಮೆದುಳನ್ನು ಉಪ್ಪುನೀರಿನಿಂದ ತೊಳೆಯುತ್ತಿದೆ, ಪೊರೆಯನ್ನು ನೀರೂ ಸೋರದಂತೆ ಹೊಲಿಯುತ್ತಿದೆ — ಹೊಲಿಯುತ್ತಿದೆ! ಸರ್, ಗುಂಡು ಒಳಗs ಅದ ಅಲ್ರಿ? ಇರ್ಲಿ ಬಿಡಮ್ಮ, ಅಷ್ಟು ಡೀಪ್ ಹೋಗಿ ಹುಡುಕಿದ್ರೆ ಬುಲೆಟ್ ಸಿಗುತ್ತೆ, ಪೇಷೆಂಟ್ ಸಿಗಲ್ಲ. ಓದಿದ್ದಾಳೆ ಅವಳೂ, ಪರೀಕ್ಷೆಯಲ್ಲಿ ಬರೆದೂ ಇದ್ದಾಳೆ, ಆಳದ ಗುಂಡನ್ನು ಅಟ್ಟಿಸಿಕೊಂಡು ಹೋಗಬಾರದು, ಆದರೂ ಸೂಜಿ ಕೀಳದೆ ರಾಜಕುಮಾರ ಏಳುವುದೆಲ್ಲಿ, ಗುಂಡು ಒಳಗೇ ಉಳಿದರೆ ಲಾಭ ಯಾರಿಗೆ? ಸಿಸ್ಟರ್ ದುರ್ಗಾ, ಆ ಕೂದಲು ಎಸೀಬೇಡಿ, ಪೇಪರಲ್ಲಿ ಕಟ್ಟಿ ನನ್ಗೆ ಕೊಡಿ ಎಂದರು ಸರ್. ಕೂದಲು ಇವರಿಗೆ ಯಾಕೆ — ದುರ್ಗಾ ಕಟ್ಟಿದಳು, ಕೆಲಸ ಮುಗಿಸಿ ಗವನು ಬಿಚ್ಚಿದ್ದೇ ಪೊಟ್ಟಣ ಸರ್ ಜೇಬಿಗಿಳಿಯಿತು, ಎಣ್ಣೆ ಮಿಂಚುವ ಆ ತುಂಡು ಕೂದಲು ಜೇಬಿನಲ್ಲಿ ನಡೆದುಹೋಗುತ್ತಿದೆ. ಬಾಳುವಿನ ಕಣ್ಣಿಗೆ ಟಾರ್ಚ್ ಬಿಟ್ಟಳು, ಎರಡೂ ಪಾಪೆ ಕುಗ್ಗಿದವು, ಇರು ತಮ್ಮಾ, ಇರು, ಬಂದೆ ಎಂದು ಓಡಿದಳು.

ಕಾರಿಡಾರಿನಲ್ಲಿ ವಿಕಾಸ ಸರ್‌ಗೆ ಅಡ್ಡ ನಿಂತಿದ್ದ, ಅಣ್ಣ ಖಂಡೋಬಾನಿಗೆ ಕೂದಲು ಹರಕೆ ಹೊತ್ತಿದ್ದ, ಅದು ಜೇಜುರಿಯ ಗುಡಿಗೇ ಹೋಗಬೇಕು, ದೇವರ ವಿಷಯ ಡಾಕ್ಟರ್, ಕೊಟ್ಟುಬಿಡಿ. ಬೆಂಚಿನಿಂದ ಗೋದಾ ಎದ್ದಳು, ಮರಾಠಿಯಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡು ಇವಳತ್ತ ತಿರುಗಿದಳು, ಯಾವ ಹರಕಿರಿ ಅಕ್ಕಾ, ಹರಕಿ ಹೊತ್ತವರು ಮೊನ್ನೆ ಸಂತಿ ದಿನ ಕಟಿಂಗ್ ಮಾಡಿಸ್ಕೊಂಡು, ಮೀಸಿಗೂ ಬಣ್ಣ ಹಚ್ಚಿಸ್ಕೊಂಡು ಬರ್ತಾರೇನ್ರಿ? ಸರ್, ಪೊಟ್ಟಣ ನನಗ ಕೊಡ್ರಿ ಅಂದಳು ರಂಜಿನಿ, ಕೈ ಚಾಚಿದಳು. ಶ್ರೀನಾಥ್ ಅವಳನ್ನು ನೋಡಿದರು, ನಕ್ಕರು, ಓಹೋ, ನನ್ಮೇಲೇ ಡೌಟಾ, ಲಿಫ್ಟ್ ಹತ್ರಾನೇ ಈತ ಕೂದ್ಲು ಬೇಕು ಅಂತ ಕೈ ಹಿಡ್ಕೊಂಡ, ಬುಲೆಟ್ ಬಗ್ಗೆ ಒಂದು ಮಾತಿಲ್ಲ, ಬರೀ ಕೂದ್ಲು, ಆಗ್ಲೇ ಅನ್ಕೊಂಡೆ ಇದು ನನ್ ಜೇಬಲ್ಲೇ ಸೇಫು ಅಂತ. ಕಾರಿಡಾರಿನ ಕೊನೆಯಲ್ಲಿ ಕೂತಿದ್ದ ಪೊಲೀಸ್ ಹವಾಲ್ದಾರನ ಮೇಜಿನ ಮೇಲೆ ಪೊಟ್ಟಣ ಬಿಚ್ಚಿದರು, ನೋಡು, ತನ್ ಕೈಯಾರೆ ಇಷ್ಟು ಹತ್ರದಿಂದ ಹೊಡ್ಕೊಂಡಿದ್ರೆ ಕೂದ್ಲು ಸುಟ್ಟು ಮುರುಟಿರ್ಬೇಕಿತ್ತು, ಮಸಿ ಹಿಡಿದಿರ್ಬೇಕಿತ್ತು, ಇದು ದೂರದಿಂದ ಬಂದ ಗುಂಡು. ವಿಕಾಸನ ಮುಖ ನೋಡಬೇಕೆಂದು ತಿರುಗಿದರೆ ಅಲ್ಲಿ ವಿಕಾಸನಿಲ್ಲ, ಮೆಟ್ಟಿಲ ಕಡೆ ಅವನ ಹಿಂದೆ ಕಾನ್‌ಸ್ಟೇಬಲ್ ಓಡುತ್ತಿದ್ದಾನೆ, ನೀನೇ ಕೊಡು ಎಂದರು ಸರ್, ಮತ್ತೆ ಮಡಚಿ ಅವಳ ಕೈಗಿತ್ತು, ಮುಂಜಾನೆ ನಾನs ಎಣ್ಣಿ ಹಚ್ಚಿದ್ದೆ ಅಕ್ಕಾ ಎಂದು ಗೋದಾ ಅನ್ನುತ್ತಿದ್ದಾಳೆ, ಅರಗು ಕರಗಿತು, ಮುದ್ರೆ ಬಿತ್ತು, ರಂಜಿನಿ ತನ್ನ ಕೈಯಿಂದ ಹವಾಲ್ದಾರನ ಕೈಗೆ ಇಟ್ಟಳು, ಎಣ್ಣೆ ಕಾಗದದಿಂದ ಈಚೆಗೆ ಬಸಿದಿದೆ, ಒಳಗೆ ಕೂದಲು, ಒಂದು ಎಳೆಯೂ ಸುಡದ, ಮಸಿ ಮುಟ್ಟದ ಕೂದಲು, ಆ ಕೂದಲು…