ನಮೂನೆಯಲ್ಲಿಲ್ಲದ ಬೆಲ್ಲ

ಡಾಕ್ಟರ್ ಬಸವಕುಮಾರರ ಲೇಖನ ಪರದೇಶದ ಪತ್ರಿಕೆಯಲ್ಲಿ ಅಚ್ಚಾಗಿದ್ದಕ್ಕೆ ಜಮಖಂಡಿಯಲ್ಲಿ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಯಾವುದಕ್ಕೂ ಕೊರತೆಯಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಗಂಗಾಂಬಿಕಾಳಿಗೆ ಮಾತ್ರ ಎದ್ದು ಹೋಗಿ ಆ ಹಾರ ಕಿತ್ತುಹಾಕುವಷ್ಟು ಸಿಟ್ಟು. ಪಕ್ಕದಲ್ಲಿ ಮಹಾಲಿಂಗಪುರದ ಮುದುಕಿ ಹಾಲವ್ವ ಕುಳಿತಿದ್ದಳು. ಸಕ್ಕರೆ ಕಾಯಿಲೆಯಿಂದ ಕೊಳೆತ ಅವಳ ಬಲಗಾಲಿನ ಎರಡು ಬೆರಳು ತೆಗೆದು ತಿಂಗಳಾಗಿತ್ತು, ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

ಆ ಲೇಖನಕ್ಕಾಗಿ ಬಿಸಿಲಲ್ಲಿ ತಿರುಗಿದವಳು ಗಂಗಾಂಬಿಕಾ. ಮಹಾಲಿಂಗಪುರದ ನೂರಾ ಇಪ್ಪತ್ತು ಸಕ್ಕರೆ ಕಾಯಿಲೆಯವರ ಮನೆಗೆ ಮೂರು ವರ್ಷ ಎಡತಾಕಿ, ಡಾಕ್ಟರು ಬರೆದ ತಿಳಿವಳಿಕೆ ಪುಸ್ತಿಕೆ ಓದಿ ಹೇಳಿ, ಅವರು ಕೊಟ್ಟ ಪ್ರಶ್ನೆಗಳ ನಮೂನೆ ತುಂಬಿದ್ದಳು. ‘ಸಕ್ಕರೆ ತಿನ್ನುತ್ತೀರಾ?’ ಎಂಬುದು ಮೊದಲ ಪ್ರಶ್ನೆ. ಇಲ್ಲವೆಂದರೆ ಗುರುತು ಹಾಕಿ ಮುಂದೆ ಹೋಗಬೇಕು. ರಕ್ತ ತಪಾಸಣೆಯ ಮಾತೇ ಇಲ್ಲ.

ಮಹಾಲಿಂಗಪುರವೆಂದರೆ ಬೆಲ್ಲದ ಊರು. ಬಂದವರ ಕೈಗೆ ಮೊದಲು ಬೆಲ್ಲ, ಆಮೇಲೆ ನೀರು. ಸಕ್ಕರೆ ಬಿಡಿ ಎಂದದ್ದೇ ತಡ, ಜನ ಬಿಟ್ಟೇಬಿಟ್ಟರು. ಚಹಾಕ್ಕೂ ಬೆಲ್ಲ, ಶಿರಾಕ್ಕೂ ಬೆಲ್ಲ. ಸಕ್ಕರೆ ಕಾರ್ಖಾನೆಯದು, ಬೆಲ್ಲ ನಮ್ಮ ಗಾಣದ್ದು, ಅದರಿಂದ ಏನಾದೀತು ಎಂದು ನಿಶ್ಚಿಂತರಾದರು.

ಗಂಗಾಂಬಿಕಾಳಿಗೆ ಇದು ಮೊದಲ ತಿಂಗಳೇ ಕಂಡಿತ್ತು.

“ಸರ, ಬೆಲ್ಲಾನೂ ಕೇಳಬೇಕ್ರಿ. ಪುಸ್ತಿಕಿನ್ಯಾಗೂ ಬೆಲ್ಲ ಬ್ಯಾಡಂತ ಬರದಿಲ್ರಿ.”

“ನಮೂನೆ ಮಂಜೂರಾಗಿದೆ, ಬದಲಿಸೋಕೆ ಬರಲ್ಲ. ಇದ್ದಷ್ಟು ಓದಿ, ಇದ್ದಷ್ಟು ಕೇಳಿ. ಒಂದು ಮಾತು ಹೆಚ್ಚಿಗೆ ಹೇಳಿದರೂ ನನ್ನ ಅಧ್ಯಯನ ಕೆಡುತ್ತೆ,” ಎಂದಿದ್ದರು ಡಾಕ್ಟರು.

ಕಾಲು ಕೆಟ್ಟರೂ ಚಿಂತೆಯಿಲ್ಲ, ಅಧ್ಯಯನ ಕೆಡಬಾರದು! ಎಂಥ ದೊಡ್ಡ ಮನುಷ್ಯ! ಆದರೆ ಆವತ್ತು ಗಂಗಾಂಬಿಕಾ ಬಾಯಿ ಮುಚ್ಚಿಕೊಂಡು ಬಂದಿದ್ದಳು.

ಹೇಳಿದ್ದು ಕೇಳುವ ಒಬ್ಬ ರೋಗಿಯನ್ನು ಈ ಸಭೆಗೆ ಕರೆತರಲು ಡಾಕ್ಟರೇ ಫೋನು ಮಾಡಿದ್ದರು. ಗಂಗಾಂಬಿಕಾ ಬೇಕೆಂದೇ ಹಾಲವ್ವನನ್ನು ಕರೆತಂದಿದ್ದಳು.

ಡಾಕ್ಟರು ಮೈಕು ಹಿಡಿದರು. ನೂರಕ್ಕೆ ತೊಂಬತ್ನಾಲ್ಕು ಮಂದಿ ಸಕ್ಕರೆ ಬಿಟ್ಟಿದ್ದಾರೆ, ಇದೇ ಪುಸ್ತಿಕೆ ಮುಂದಿನ ವಾರದಿಂದ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೂ ಹೋಗುತ್ತದೆ ಎಂದರು. ಪುಸ್ತಿಕೆಯ ಕಟ್ಟುಗಳು ವೇದಿಕೆಯ ಮೇಲೆ ತಯಾರಿದ್ದವು. ಗಂಗಾಂಬಿಕಾ ಹಾಲವ್ವನ ರಟ್ಟೆ ಹಿಡಿದು ಮೇಲೆ ಹತ್ತಿಸಿದಳು.

“ಅಜ್ಜಿ, ಸಕ್ಕರೆ ಬಿಟ್ಟು ಎಷ್ಟು ವರ್ಷವಾಯಿತು?” ಎಂದು ಕೇಳಿದರು ಡಾಕ್ಟರು.

“ಮೂರ ವರ್ಷ ಆತ್ರಿ ಸಾಹೇಬ್ರ. ಒಂದ ಕಾಳ ಬಾಯಾಗ ಹಾಕಿಲ್ಲ.”

ಚಪ್ಪಾಳೆಯೋ ಚಪ್ಪಾಳೆ. ಗಂಗಾಂಬಿಕಾಳ ಮೈಯೆಲ್ಲ ಉರಿದುಹೋಯಿತು. ಡಾಕ್ಟರ ಕೈಯಿಂದ ಮೈಕು ಕಸಿದುಕೊಂಡಳು.

“ಆಯಿ, ಬೆಲ್ಲ?”

“ಬೆಲ್ಲ ತಿಂತೇನಿ. ದಿನಾ ನಾಕ ಸಲ ಬೆಲ್ಲದ ಚಾ ಕುಡೀತೇನಿ. ಅದನ್ನ ಯಾರ ಬ್ಯಾಡಂದಾರ?”

ಚಪ್ಪಾಳೆ ನಿಂತಿತು. ಡಾಕ್ಟರು ನಗಲು ನೋಡಿದರು, ನಗು ಬರಲಿಲ್ಲ.

“ಕೇಳಿದ್ರಿಲ್ರಿ ಸರ?” ಗಂಗಾಂಬಿಕಾ ಅವರತ್ತ ಬೆರಳು ಮಾಡಿದಳು. “ಈಕಿ ಬೆರಳ ಹೋಗಿದ್ದು ನಿಮ್ಮ ತೊಂಬತ್ನಾಕರಾಗ ಎಲ್ಲೈತ್ರಿ? ಬೆಲ್ಲ ಬ್ಯಾಡಂತ ಪುಸ್ತಿಕಿನ್ಯಾಗ ಒಂದ ಸಾಲು ಹಾಕಿಸ್ರಿ. ಅಲ್ಲೀತನಕ ಈ ಕಟ್ಟ ಬಿಚ್ಚಬ್ಯಾಡ್ರಿ!”

“ಆಮೇಲೆ ಮಾತಾಡೋಣ, ಮೈಕು ಕೊಡಿ.”

“ಈಗ ಹೇಳ್ರಿ!”

ಹಾಲವ್ವ ಅವಳ ಸೆರಗು ಜಗ್ಗಿದಳು. “ತಡಿ. ಬೆಲ್ಲಾನೂ ತಿನ್ನಬಾರದೇನ?”

“ತಿನ್ನಬಾರದ ಆಯಿ. ಮೈಯಾಗ ಹೋದ್ರ ಅದೂ ಸಕ್ರಿನ.”

“ಇದು ನಿನಗ ಯಾವಾಗಿಂದ ಗೊತ್ತೈತಿ?”

ಗಂಗಾಂಬಿಕಾ ಸೆರಗು ಸರಿಮಾಡಿಕೊಂಡಳು. “ಮೊದಲಿಂದ.”

ಮುದುಕಿ ತನ್ನ ಕಾಲಿನ ಪಟ್ಟಿ ನೋಡಿಕೊಂಡಳು, ಆಮೇಲೆ ಅವಳ ಮುಖ ನೋಡಿದಳು.

“ಮೂರ ವರ್ಷ ನನ್ನ ಪಡಸಾಲ್ಯಾಗ ಕುಂತ, ನನ್ನ ಜೋಡಿ ಬೆಲ್ಲದ ಚಾ ಕುಡದ ಹೋದಿ. ಒಂದ ಮಾತ ಹೇಳಾಕ ನಿನಗೇನ ಧಾಡಿ ಆಗಿತ್ತ ಬೇ?”

ಡಾಕ್ಟರ ಕಡೆ ಚಾಚಿದ್ದ ಬೆರಳು ಕೆಳಗಿಳಿಯಿತು. ಮೈಕು ಇನ್ನೂ ಗಂಗಾಂಬಿಕಾಳ ಕೈಯಲ್ಲೇ ಇತ್ತು, ಇಡೀ ಸಭೆ ಅವಳ ಉತ್ತರಕ್ಕೆ ಕಾದು ಕುಳಿತಿತ್ತು.